ಮೈಯ ಗಡಿಯಾರವೂ ಮಾಲೀಕನ ಗಡಿಯಾರವೂ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ರಾತ್ರಿ ಹತ್ತು ಹೊಡೆದರೂ ಲಾಳಿಯ ಸದ್ದು ಅಡಗುವುದಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಬಾಗಿಲಲ್ಲಿ ನಡುರಾತ್ರಿಯ ಪಾಳಿಯವರು ಬಸ್ಸಿಳಿಯುತ್ತಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಅಲ್ಲಿ ಕಸ ಗುಡಿಸುವವರಿಗೆ, ಮೂಟೆ ಹೊರುವವರಿಗೆ, ಕಾವಲು ಕಾಯುವವರಿಗೆ ಹಗಲು ರಾತ್ರಿ ಒಂದೇ ಆಗಿದೆ. ಹೊಸಕೋಟೆ, ನೆಲಮಂಗಲಗಳ ಗೋದಾಮುಗಳಲ್ಲಿ ದೀಪ ಆರುವುದಿಲ್ಲ. ಕೆ.ಆರ್. ಮಾರುಕಟ್ಟೆಗೆ ಹೂವು ಸಾಗಿಸುವ ವ್ಯಾಪಾರಿ ಕೋಳಿ ಕೂಗುವ ಮೊದಲೇ ಎದ್ದಿರುತ್ತಾನೆ. ಹೊಸಕೋಟೆಯ ಬಿರಿಯಾನಿಗೆ ಬೆಂಗಳೂರಿನ ಜನ ಬೆಳಗಿನ ಜಾವ ಸಾಲು ನಿಲ್ಲುತ್ತಾರೆ. ಆ ಹಂಡೆಗೆ ಬೆಂಕಿ ಹಾಕಿದವನು ಎಷ್ಟು ಹೊತ್ತಿಗೆ ಎದ್ದ ಎಂದು ಸಾಲಿನಲ್ಲಿ ನಿಂತ ಯಾರೂ ಕೇಳುವುದಿಲ್ಲ.

ಹೀಗೆ ನಮ್ಮ ಜಿಲ್ಲೆಯ ಸಾವಿರಾರು ಜನ ನಿದ್ರೆಯನ್ನು ಮಾರಿ ಹೊಟ್ಟೆ ಹೊರೆಯುತ್ತಿದ್ದಾರೆ. ಕೂಲಿ ಲೆಕ್ಕ ಹಾಕುವವರು ಎಷ್ಟು ಗಂಟೆ ದುಡಿದೆ ಎಂದು ಕೇಳುತ್ತಾರೆ. ಯಾವ ಗಂಟೆಯಲ್ಲಿ ದುಡಿದೆ, ಆ ಗಂಟೆಯನ್ನು ಗೊತ್ತುಮಾಡಿದವರು ಯಾರು ಎಂದು ಕೇಳುವುದಿಲ್ಲ. ಆದರೆ ದೇಹ ಈ ಎರಡು ಪ್ರಶ್ನೆಗಳನ್ನೂ ಕೇಳುತ್ತದೆ, ಉತ್ತರವನ್ನು ರಕ್ತದಲ್ಲಿ ಬರೆದಿಡುತ್ತದೆ ಎಂದು ವಿಜ್ಞಾನ ಇಂದು ಹೇಳುತ್ತಿದೆ. ಇದನ್ನು ವೈದ್ಯರ ಪುಸ್ತಕಕ್ಕಷ್ಟೇ ಬಿಡುವುದು ಸರಿಯಲ್ಲ. ಇದು ಕೂಲಿಯ ಪ್ರಶ್ನೆಯಷ್ಟೇ ದೊಡ್ಡ ಪ್ರಶ್ನೆ.

ಮೊದಲು ಆ ರಕ್ತದ ಲೆಕ್ಕವನ್ನು ತಿಳಿಯೋಣ. ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಎರಡು ಸಣ್ಣ ಗ್ರಂಥಿಗಳಿವೆ. ಅವಕ್ಕೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಅವುಗಳ ಹೊರಪದರದಿಂದ ಕಾರ್ಟಿಸೋಲ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಈ ಪದರದ ರಸಗಳನ್ನು ಬೇರ್ಪಡಿಸಿ ಅವುಗಳ ಗುಣ ತೋರಿಸಿಕೊಟ್ಟ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ಈ ಕಾರ್ಟಿಸೋಲನ್ನು ಒತ್ತಡದ ರಸವೆಂದು ಕರೆದು ಹಲವರು ಅದಕ್ಕೆ ಕೆಟ್ಟ ಹೆಸರು ಕಟ್ಟಿದ್ದಾರೆ. ಅದು ವಿಷವಲ್ಲ. ಅದಿಲ್ಲದೆ ಮನುಷ್ಯ ಬದುಕುವುದೇ ಕಷ್ಟ. ರಕ್ತಕ್ಕೆ ಸಕ್ಕರೆಯನ್ನು ಒದಗಿಸಿ, ರಕ್ತದ ಒತ್ತಡವನ್ನು ಕಾಯ್ದು, ಮೈಯನ್ನು ದುಡಿಮೆಗೆ ಅಣಿಗೊಳಿಸುವುದು ಅದರ ಕೆಲಸ. ನಾಯಿ ಅಟ್ಟಿಸಿಕೊಂಡು ಬಂದರೆ ಓಡುವ ಶಕ್ತಿಗೂ ಅದರ ನೆರವು ಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೂ ಬೇಕು.

ಈ ರಸಕ್ಕೆ ಒಂದು ಹೊತ್ತು ಗೊತ್ತು ಇದೆ. ನಡುರಾತ್ರಿಯ ಸುಮಾರಿಗೆ ಅದು ತೀರ ಕಡಿಮೆ. ಬೆಳಗಿನ ಜಾವ ಏರತೊಡಗುತ್ತದೆ. ಎಚ್ಚರವಾದ ಮೇಲೆ ಅರ್ಧ ಮುಕ್ಕಾಲು ಗಂಟೆಯೊಳಗೆ ಇನ್ನೂ ಅರ್ಧದಷ್ಟು ಜಿಗಿದು ದಿನದ ಎತ್ತರ ಮುಟ್ಟುತ್ತದೆ. ಆಮೇಲೆ ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಗಲು ದುಡಿ, ರಾತ್ರಿ ದಣಿವಾರಿಸಿಕೊ ಎಂದು ಮೈಗೆ ಹೇಳುವ ಮಾತೇ ಈ ಏರಿಳಿತ. ಇದನ್ನು ನಡೆಸುವ ಗಡಿಯಾರ ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಹಾಯುವ ಜಾಗದ ಮೇಲುಗಡೆ ಇದೆ. ಗಾತ್ರದಲ್ಲಿ ಅದು ಅಕ್ಕಿ ಕಾಳಿಗಿಂತ ಚಿಕ್ಕದು. ಅದಕ್ಕೆ ಕೀಲಿ ಕೊಡುವುದು ಸೂರ್ಯನ ಬೆಳಕು. ಮೇಸ್ತ್ರಿಯ ಸೀಟಿಯಾಗಲಿ ಹಾಜರಿ ಯಂತ್ರವಾಗಲಿ ಅದನ್ನು ತಿರುಗಿಸಲಾರದು.

ಜೀವಕೋಶದೊಳಗೆ ಈ ಗಡಿಯಾರ ಹೇಗೆ ತಿರುಗುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ 2017ರಲ್ಲಿ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ಅಮೆರಿಕನ್ನರಿಗೆ ನೊಬೆಲ್ ಬಹುಮಾನ ಬಂತು. ಇದು ದೂರದ ವಿದ್ಯೆಯಲ್ಲ. ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇದೇ ನೊಣಗಳ ಗಡಿಯಾರವನ್ನು ಕುರಿತು ವರ್ಷಗಟ್ಟಲೆ ಸಂಶೋಧನೆ ನಡೆದಿದೆ. ನೊಣಕ್ಕೂ ಒಂದು ಹೊತ್ತಿದೆ ಎಂದು ನಮ್ಮ ನೆರೆಯಲ್ಲೇ ಅಳೆದು ತೋರಿಸಿದ್ದಾರೆ, ನೇಕಾರನಿಗೆ ಹೊತ್ತಿಲ್ಲವೆ?

ನಮ್ಮ ವಂಶಕ್ಕೆ ಹತ್ತಿರದ ಪ್ರಾಣಿಗಳನ್ನೇ ನೋಡೋಣ. ಶಿವಗಂಗೆಯ ಬೆಟ್ಟ ಹತ್ತಿದವರಿಗೆಲ್ಲ ಅಲ್ಲಿನ ಕೋತಿಗಳ ದಿನಚರಿ ಗೊತ್ತು. ಬಿಸಿಲು ಮೂಡಿದಾಗ ಇಳಿದು ಬರುತ್ತವೆ, ಭಕ್ತರ ಕೈಯ ಬಾಳೆಹಣ್ಣು ಕಸಿಯುತ್ತವೆ, ಹೊತ್ತು ಮುಳುಗುವಾಗ ಮರವನ್ನೋ ಬಂಡೆಯನ್ನೋ ಸೇರಿ ಒಂದನ್ನೊಂದು ಅಪ್ಪಿ ಮಲಗುತ್ತವೆ. ಹಗಲಿನಲ್ಲಿ ಬದುಕುವ ಮಂಗಗಳಲ್ಲಿಯೂ ಈ ರಸ ನಮ್ಮಲ್ಲಿ ಆಗುವಂತೆಯೇ ಬೆಳಿಗ್ಗೆ ಏರಿ ರಾತ್ರಿ ಇಳಿಯುತ್ತದೆ. ಇರುಳಲ್ಲಿ ಓಡಾಡುವ ಇಲಿಗಾದರೆ ಲೆಕ್ಕ ತಲೆಕೆಳಗು. ಅದಕ್ಕೆ ಸಂಜೆಯೇ ಬೆಳಗು, ಅದರ ರಸ ಏರುವುದು ಕತ್ತಲಾಗುವ ಹೊತ್ತಿಗೆ. ಹುಟ್ಟಿನಿಂದಲೇ ಇರುಳಿಗೆ ಹೊಂದಿಕೊಂಡ ಜೀವ ಇಲಿ. ಮನುಷ್ಯ ಹಾಗಲ್ಲ.

“ರೂಢಿಯಾದರೆ ಎಲ್ಲ ಸರಿಹೋಗುತ್ತದೆ” ಎಂದು ಮಾಲೀಕರು ಹೇಳುವುದುಂಟು. ನಮ್ಮವರೇ ಕೆಲವರು, “ಇಪ್ಪತ್ತು ವರ್ಷದಿಂದ ರಾತ್ರಿ ಪಾಳಿ ಮಾಡುತ್ತಿದ್ದೇನೆ, ನನಗೇನೂ ಆಗಿಲ್ಲ” ಎನ್ನುವುದೂ ಉಂಟು. ಆದರೆ ಖಾಯಂ ರಾತ್ರಿ ಪಾಳಿಯವರನ್ನು ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟು ಹಾಕಿ 2008ರಲ್ಲಿ ನೋಡಿದಾಗ, ಮೈಯ ಗಡಿಯಾರ ಪೂರ್ತಿ ತಿರುಗಿ ರಾತ್ರಿಗೆ ಹೊಂದಿಕೊಂಡವರು ನೂರಕ್ಕೆ ಮೂರಕ್ಕಿಂತ ಕಡಿಮೆ ಎಂದು ತಿಳಿಯಿತು. ಉಳಿದವರಲ್ಲಿ ಪಾಳಿ ಒಂದು ಕಡೆ, ಮೈ ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಒಂದೇ ನೊಗದಲ್ಲಿ ಎರಡು ಗಡಿಯಾರ. ವಾರಕ್ಕೊಮ್ಮೆ ಬದಲಾಗುವ ಪಾಳಿಯಲ್ಲಂತೂ ಮೈ ಈ ಕಡೆ ತಿರುಗತೊಡಗಿದಾಗ ಪಾಳಿ ಆ ಕಡೆ ತಿರುಗಿರುತ್ತದೆ.

ಇದರ ಬೆಲೆ ಏನು? 1999ರಲ್ಲಿ ಚಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಗಟ್ಟಿಮುಟ್ಟಾದ 11 ಮಂದಿ ಯುವಕರಿಗೆ ಆರು ರಾತ್ರಿ ಬರಿಯ 4 ಗಂಟೆ ಮಲಗಲು ಬಿಟ್ಟರು. ಆರೇ ರಾತ್ರಿಗಳಲ್ಲಿ ಅವರ ಮೈ ಸಕ್ಕರೆಯನ್ನು ಅರಗಿಸಿಕೊಳ್ಳುವ ಬಲ ಕುಂದಿತು. ಸಂಜೆ ಇಳಿಯಬೇಕಾದ ಕಾರ್ಟಿಸೋಲ್ ಸರಿಯಾಗಿ ಇಳಿಯದೆ ಉಳಿಯಿತು. ಆರು ರಾತ್ರಿಗೆ ಹೀಗಾದರೆ ಆರು ವರ್ಷಕ್ಕೆ, ಹದಿನಾರು ವರ್ಷಕ್ಕೆ ಏನಾದೀತು? ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹಗಲಿರುಳಿನ ಲಯ ಕೆಡಿಸುವ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂಬ ಪಟ್ಟಿಗೆ ಸೇರಿಸಿತು; 2019ರಲ್ಲಿ ಮತ್ತೆ ಪರಿಶೀಲಿಸಿ ರಾತ್ರಿ ಪಾಳಿಯನ್ನು ಅದೇ ಪಟ್ಟಿಯಲ್ಲಿ ಉಳಿಸಿತು. ಡೆನ್ಮಾರ್ಕಿನಲ್ಲಿ ಬಹುಕಾಲ ರಾತ್ರಿ ದುಡಿದು ಸ್ತನದ ಕ್ಯಾನ್ಸರಿಗೆ ತುತ್ತಾದ ಕೆಲವು ಮಹಿಳೆಯರಿಗೆ ಅದು ಉದ್ಯೋಗದಿಂದ ಬಂದ ಕಾಯಿಲೆಯೆಂದು ಒಪ್ಪಿ ಪರಿಹಾರ ಕೊಟ್ಟಿದ್ದಾರೆ. ನಮ್ಮಲ್ಲಿ ಮಗ್ಗದವನಿಗೆ ಸಕ್ಕರೆ ಕಾಯಿಲೆ ಬಂದರೆ ಅದು ಅವನ ಹಣೆಬರಹ, ಇಲ್ಲವೆ ಅವನು ತಿಂದ ಅನ್ನದ ತಪ್ಪು!

ಇಲ್ಲಿಯವರೆಗೆ ಹೇಳಿದ್ದು ಯಾವ ಗಂಟೆ ಎಂಬ ಪ್ರಶ್ನೆಯನ್ನು. ಆ ಗಂಟೆಯನ್ನು ಗೊತ್ತುಮಾಡಿದವರು ಯಾರು ಎಂಬ ಎರಡನೆಯ ಪ್ರಶ್ನೆ ಇನ್ನೂ ಆಳದ್ದು. ಅದಕ್ಕೆ ಆಫ್ರಿಕದ ಬಯಲಿಗೆ ಹೋಗಬೇಕು.

ರಾಬರ್ಟ್ ಸಪೋಲ್ಸ್ಕಿ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದ ಕೊನೆಯಿಂದ ವರ್ಷ ವರ್ಷವೂ ಕೀನ್ಯಾಕ್ಕೆ ಹೋಗಿ ಅಲ್ಲಿನ ಬಬೂನ್ ಎಂಬ ದೊಡ್ಡ ಮಂಗಗಳನ್ನು ನೋಡಿದ. ಮದ್ದು ಹಚ್ಚಿದ ಸೂಜಿಯನ್ನು ಊದುಗೊಳವೆಯಿಂದ ಹಾರಿಸಿ, ಮಂಗ ಮಂಪರಿಗೆ ಬಿದ್ದೊಡನೆ ರಕ್ತ ತೆಗೆಯುತ್ತಿದ್ದ. ಎಲ್ಲ ಮಂಗಗಳ ರಕ್ತವನ್ನೂ ಬೆಳಗಿನ ಒಂದೇ ಹೊತ್ತಿನಲ್ಲಿ ತೆಗೆಯುತ್ತಿದ್ದ. ಏಕೆಂದರೆ ಬೆಳಗಿನ ಲೆಕ್ಕವನ್ನು ಸಂಜೆಯ ಲೆಕ್ಕಕ್ಕೆ ಹೋಲಿಸಿದರೆ ಎಲ್ಲವೂ ಸುಳ್ಳಾಗುತ್ತದೆ. ಅವನು ಕಂಡದ್ದೇನು? ಗುಂಪಿನಲ್ಲಿ ಮೇಲು ಕೀಳು ಗಟ್ಟಿಯಾಗಿ ನಿಂತಿರುವಾಗ, ಕೆಳಗಿನ ಗಂಡುಗಳ ರಕ್ತದಲ್ಲಿ ಸುಮ್ಮನಿರುವ ಹೊತ್ತಿನಲ್ಲಿಯೂ ಒತ್ತಡದ ರಸ ಹೆಚ್ಚು. ಅವಕ್ಕೆ ಹಸಿವಿನ ಕೊರತೆಯಲ್ಲ, ದಿನಕ್ಕೆ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತುಂಬುತ್ತದೆ. ಆದರೆ ಮೇಲಿನವನು ಯಾವಾಗ ಬಂದು ಹಲ್ಲು ಕಿರಿಯುತ್ತಾನೋ, ಯಾವಾಗ ಕೈಯ ಗೆಡ್ಡೆ ಕಸಿಯುತ್ತಾನೋ ಹೇಳಲು ಬರುವುದಿಲ್ಲ. ಮೇಲಿನವನಿಗೆ ಯಾವುದೋ ಸಿಟ್ಟು ಬಂದರೂ ಪೆಟ್ಟು ತಿನ್ನುವುದು ಕೆಳಗಿನವನು. ತಿರುಗಿ ನಿಂತರೆ ಇನ್ನೂ ಪೆಟ್ಟು. ಬಡವನ ಕೋಪ ದವಡೆಗೆ ಮೂಲ ಎಂದು ನಮ್ಮ ಹಿರಿಯರು ಹೇಳಿದ್ದನ್ನು ಈ ವಿಜ್ಞಾನಿ ಮಂಗನ ರಕ್ತದಲ್ಲಿ ಅಳೆದ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮೇಲಿನವರೆಲ್ಲ ನೆಮ್ಮದಿಯಿಂದ ಇರುತ್ತಾರೆಂದು ವಿಜ್ಞಾನ ಹೇಳುವುದಿಲ್ಲ. ಕೀನ್ಯಾದ ಅಂಬೊಸೆಲಿಯಲ್ಲಿ ಬಬೂನುಗಳನ್ನು ನೋಡಿದವರು 2011ರಲ್ಲಿ ಪ್ರಕಟಿಸಿದಂತೆ, ಎಲ್ಲರಿಗಿಂತ ಮೇಲೆ ನಿಂತ ಗಂಡಿಗೆ ಎರಡನೆಯವನಿಗಿಂತ ಒತ್ತಡ ಹೆಚ್ಚು. ಪಟ್ಟ ಉಳಿಸಿಕೊಳ್ಳುವುದಕ್ಕೂ ಬೆಲೆ ತೆರಬೇಕು. ಹಾಗಾದರೆ ಇಡೀ ಏರ್ಪಾಡು ಯಾರಿಗೆ ಸುಖ ಕೊಟ್ಟಿತು?

ಸಪೋಲ್ಸ್ಕಿ ನೋಡುತ್ತಿದ್ದ ಗುಂಪೊಂದರಲ್ಲಿ 1980ರ ದಶಕದ ನಡುವೆ ಒಂದು ವಿಚಿತ್ರ ನಡೆಯಿತು. ಪ್ರವಾಸಿಗರ ವಸತಿಗೃಹದ ಕಸದ ಗುಂಡಿಯ ಮಾಂಸಕ್ಕೆ ಕಾದಾಡಿ ನುಗ್ಗುತ್ತಿದ್ದ ಜಗಳಗಂಟ ಗಂಡುಗಳೆಲ್ಲ ಆ ಮಾಂಸದಿಂದ ಕ್ಷಯ ತಗುಲಿ ಸತ್ತವು. ಉಳಿದ ಗಂಡುಗಳು ಸೌಮ್ಯವಾದವು. ಆಮೇಲೆ ಗುಂಪಿನ ನಡತೆಯೇ ಬದಲಾಯಿತು; ಹೊಡೆದಾಟ ಕಡಿಮೆ, ಒಂದರ ಮೈ ಒಂದು ಸವರುವುದು ಹೆಚ್ಚು. ಹತ್ತು ವರ್ಷದೊಳಗೆ ಆ ಹಳೆಯ ಗಂಡುಗಳೂ ಹೋದವು, ಬೇರೆ ಗುಂಪುಗಳಲ್ಲಿ ಹುಟ್ಟಿದ ಹೊಸ ಗಂಡುಗಳು ಬಂದು ಸೇರಿದವು. ಬಂದವುಗಳೂ ಅದೇ ಸೌಮ್ಯ ನಡತೆ ಕಲಿತವು. ಆ ಗುಂಪಿನ ಕೆಳಗಿನ ಗಂಡುಗಳ ಮೈಯಲ್ಲಿ ಬೇರೆಡೆ ಕಂಡ ಒತ್ತಡದ ಲಕ್ಷಣ ಕಾಣಲಿಲ್ಲ. ಇದನ್ನು 2004ರಲ್ಲಿ ಪ್ರಕಟಿಸಿದರು. ಮೇಲು ಕೀಳಿನ ಕ್ರೌರ್ಯ ಪ್ರಕೃತಿಯ ನಿಯಮ, ಯಾರೂ ಬದಲಿಸಲಾಗದು ಎನ್ನುವವರು ಈ ಮಂಗಗಳಿಗೆ ಏನು ಹೇಳುತ್ತಾರೆ?

ಮನುಷ್ಯ ಮಂಗನಲ್ಲ, ಒಪ್ಪೋಣ. ಆದ್ದರಿಂದ ಮನುಷ್ಯರನ್ನೇ ನೋಡೋಣ. ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ 1967ರಿಂದ ಸುಮಾರು 18,000 ಗಂಡಸರ ಆರೋಗ್ಯದ ಲೆಕ್ಕ ಇಡಲಾಯಿತು. ಯಾರೂ ಹಸಿದವರಲ್ಲ, ಯಾರೂ ಕೆಲಸವಿಲ್ಲದವರಲ್ಲ. ಆದರೂ ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ಜವಾನರು, ಬಾಗಿಲು ಕಾಯುವವರು ಹೃದಯದ ಕಾಯಿಲೆಯಿಂದ ಸತ್ತದ್ದು ಸುಮಾರು ಮೂರು ಪಟ್ಟು. ಬೀಡಿ ಸಿಗರೇಟು, ಕೊಬ್ಬು, ರಕ್ತದೊತ್ತಡ ಎಲ್ಲ ಸೇರಿಸಿದರೂ ಈ ಅಂತರದ ಒಂದು ಭಾಗಕ್ಕಷ್ಟೇ ಕಾರಣ ಸಿಕ್ಕಿತು. 1985ರಲ್ಲಿ ಅಲ್ಲಿಯೇ ಎರಡನೆಯ ಅಧ್ಯಯನ ಶುರುವಾಯಿತು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1997ರಲ್ಲಿ ಅದರಿಂದ ತೋರಿಸಿದ್ದೇನೆಂದರೆ, ತನ್ನ ಕೆಲಸದ ಮೇಲೆ ತನಗೇ ಅಧಿಕಾರವಿಲ್ಲದಿರುವುದು ಈ ಅಂತರಕ್ಕೆ ಬಹಳ ದೊಡ್ಡ ಕಾರಣ. ಅದೇ ನೌಕರರ ಎಂಜಲನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಹತ್ತಿಯ ತುಂಡಿನಿಂದ ತೆಗೆದು ಕಾರ್ಟಿಸೋಲ್ ಅಳೆದರು. ಯಾರಲ್ಲಿ ಈ ರಸ ಹಗಲಿನಿಂದ ರಾತ್ರಿಗೆ ಸರಿಯಾಗಿ ಇಳಿಯದೆ ಚಪ್ಪಟೆಯಾಗಿ ಉಳಿದಿತ್ತೋ ಅವರಲ್ಲಿ ಹೃದಯ ಕಾಯಿಲೆಯ ಸಾವು ಹೆಚ್ಚು ಎಂದು 2011ರಲ್ಲಿ ಪ್ರಕಟವಾಯಿತು.

ಈಗ ದೊಡ್ಡಬಳ್ಳಾಪುರಕ್ಕೆ ಮರಳೋಣ. ಮುಂಗಡ ತೆಗೆದುಕೊಂಡ ನೇಕಾರ ಆ ಸಾಲ ತೀರುವವರೆಗೆ ಬೇರೆ ಮಗ್ಗಕ್ಕೆ ಹೋಗಲಾರ. ಸೀರೆಗಿಷ್ಟು ಎಂಬ ಕೂಲಿಯಾದ್ದರಿಂದ ಕರೆಂಟು ಇದ್ದ ಹೊತ್ತೇ ಅವನ ಹಗಲು. ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಗಂಟೆಗೆ ಇಷ್ಟು ಎಂದು ತುಂಡುಗಳ ಲೆಕ್ಕ. ಅವಳು ನಾಲ್ಕಕ್ಕೆ ಎದ್ದು ಮುದ್ದೆ, ಸಾರು ಮಾಡಿಟ್ಟು, ಮಕ್ಕಳಿಗೆ ಡಬ್ಬಿ ಕಟ್ಟಿ ಬಸ್ಸು ಹಿಡಿದವಳು. ಗುತ್ತಿಗೆ ಕಾರ್ಮಿಕನಿಗೆ ಮುಂದಿನ ವಾರ ಯಾವ ಪಾಳಿ, ಮುಂದಿನ ತಿಂಗಳು ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಇವರಿಗೆ ಮೇಲಿನವನು ಯಾವಾಗ ಹಲ್ಲು ಕಿರಿಯುತ್ತಾನೆಂದು ಗೊತ್ತಿಲ್ಲದ ಮಂಗದ ಬಾಳೇ ಆಯಿತಲ್ಲವೆ?

ಸಣ್ಣ ವ್ಯಾಪಾರಿ ತನಗೆ ತಾನೇ ಧಣಿ ಎಂದುಕೊಳ್ಳುತ್ತಾನೆ. ನಿಜ, ಅವನ ನೆತ್ತಿಯ ಮೇಲೆ ಮೇಸ್ತ್ರಿ ಇಲ್ಲ. ಆದರೆ ಮೀಟರ್ ಬಡ್ಡಿಯವನು ಇದ್ದಾನೆ, ಮಳಿಗೆಯ ಬಾಡಿಗೆ ಇದೆ, ಸಂಜೆಗೆ ಬಾಡುವ ಹೂವು ಸೊಪ್ಪು ಇದೆ. ಮಂಡಿಯ ದರ ಅವನ ಕೈಯಲ್ಲಿಲ್ಲ. ನಾಲ್ಕು ಮಗ್ಗ ಇಟ್ಟುಕೊಂಡ ಸಣ್ಣ ಮಾಲೀಕನದೂ ಇದೇ ಪಾಡು. ನೂಲಿನ ಬೆಲೆ ಗೊತ್ತುಮಾಡುವವರು ಬೇರೆ, ಸೀರೆಯ ಬೆಲೆ ಗೊತ್ತುಮಾಡುವವರು ಬೇರೆ. ಅವನೂ ಕೂಲಿಯವನ ಜೊತೆ ನಡುರಾತ್ರಿ ಎದ್ದು ಕುಳಿತಿರುತ್ತಾನೆ. ಆದ್ದರಿಂದ ಕೂಲಿಯವರೂ ಸಣ್ಣ ವ್ಯಾಪಾರಿಗಳೂ ಒಬ್ಬರನ್ನೊಬ್ಬರು ಎದುರಾಳಿಗಳೆಂದು ಎಣಿಸುವ ಮೊದಲು ಇಬ್ಬರ ನಿದ್ರೆಯನ್ನೂ ಕದ್ದವರು ಯಾರೆಂದು ಕೇಳುವುದು ಒಳಿತು.

ಕಾನೂನು ಯಾವ ಕಡೆ ನಡೆದಿದೆ? 2023ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಸಕಾಂಗ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆಗೆ ಒಯ್ಯಲು ದಾರಿ ಮಾಡಿತು. ಮಹಿಳೆಯರ ರಾತ್ರಿ ಪಾಳಿಗೂ ಬಾಗಿಲು ತೆರೆಯಿತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ದಿನಕ್ಕೆ 8 ಗಂಟೆ ಎಂಬ ಮಾತಿದೆ. ಬೆಳಿಗ್ಗೆ 6ಕ್ಕೆ ಮೊದಲು, ಸಂಜೆ 7ರ ಮೇಲೆ ಮಹಿಳೆಯರನ್ನು ದುಡಿಸಲು ಅವರ ಒಪ್ಪಿಗೆ ಬೇಕೆಂದಿದೆ. 40 ವರ್ಷ ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದೂ ಕೇಂದ್ರ ಸರ್ಕಾರ ಸಾರಿದೆ. ಒಳ್ಳೆಯ ಮಾತುಗಳೇ. ಆದರೆ ಹಳೆಯ ಕಾಯಿದೆಯಲ್ಲಿ ವಿದ್ಯುತ್ ಬಳಸಿ 10 ಮಂದಿ ದುಡಿದರೆ ಅದು ಕಾರ್ಖಾನೆ; ಹೊಸ ಸಂಹಿತೆಯಲ್ಲಿ 20 ಮಂದಿ ಬೇಕು. ಹಾಗಾದರೆ ಆರು ಮಗ್ಗದ ಮನೆಯಲ್ಲಿ ದುಡಿಯುವ ನೇಕಾರ ಯಾವ ಲೆಕ್ಕಕ್ಕೆ ಸೇರಿದ? ಮತ್ತೆ ಒಪ್ಪಿಗೆಯ ಮಾತು: ಒಲ್ಲೆ ಎಂದರೆ ನಾಳೆ ಬರಬೇಡ ಎನ್ನುವ ಕಡೆ ಪಡೆದ ಸಹಿಗೆ ಒಪ್ಪಿಗೆ ಎಂಬ ಹೆಸರು ಸಲ್ಲುತ್ತದೆಯೆ?

ರಾತ್ರಿ ಕೆಲಸವೇ ಬೇಡ ಎಂದು ನಾವು ವಾದಿಸುತ್ತಿಲ್ಲ. ಆಸ್ಪತ್ರೆ ರಾತ್ರಿಯೂ ನಡೆಯಬೇಕು, ರೈಲು ಓಡಬೇಕು, ಹಾಲು ಊರಿಗೆ ಬರಬೇಕು. ಓವರ್‌ಟೈಮ್ ಬೇಕೆಂದು ಕಾರ್ಮಿಕರೇ ಕೇಳುತ್ತಾರಲ್ಲ ಎಂಬ ಮಾತಿಗೂ ನಮ್ಮಲ್ಲಿ ಉತ್ತರವಿದೆ: ಎಂಟು ಗಂಟೆಯ ಕೂಲಿಯಲ್ಲಿ ಸಂಸಾರ ಸಾಗದಿದ್ದಾಗ ಕೇಳಿದ್ದು ಓವರ್‌ಟೈಮನ್ನಲ್ಲ, ಅನ್ನವನ್ನು. ಕೆಲವು ಕಡೆ ಒತ್ತಡ ಕಳೆಯಲೆಂದು ಯೋಗದ ಶಿಬಿರ ನಡೆಸುತ್ತಾರೆ. ಯೋಗ ಕೆಟ್ಟದ್ದಲ್ಲ. ಆದರೆ ಹನ್ನೆರಡು ಗಂಟೆ ನಿಲ್ಲಿಸಿ ಹತ್ತು ನಿಮಿಷ ಉಸಿರು ಬಿಡಿಸುವುದು ಗಾಯ ಮಾಡಿ ಅರಿಸಿನ ಹಚ್ಚಿದಂತೆ.

ಹಾಗಾದರೆ ಆಗಬೇಕಾದ್ದೇನು? ಪಾಳಿಯ ಪಟ್ಟಿ ಕನಿಷ್ಠ ಒಂದು ತಿಂಗಳು ಮೊದಲೇ ಗೋಡೆಗೆ ಅಂಟಬೇಕು, ಅದನ್ನು ಮಾಡುವಾಗ ಕಾರ್ಮಿಕರ ಪ್ರತಿನಿಧಿಗಳು ಕುಳಿತಿರಬೇಕು. ಪಾಳಿ ಬದಲಾಗುವುದಾದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದಕ್ಕೆ ಸರಿಯಲಿ. ಹಿಂದಕ್ಕೆ ಸರಿಯುವ ಪಾಳಿಗೆ ಮೈ ಹೊಂದಿಕೊಳ್ಳುವುದು ಇನ್ನೂ ಕಷ್ಟ. ಎರಡು ಪಾಳಿಗಳ ನಡುವೆ 11 ಗಂಟೆಗಿಂತ ಕಡಿಮೆ ಬಿಡುವು ಕೂಡದು. ಸಾಲಾಗಿ ಎರಡು ಮೂರಕ್ಕಿಂತ ಹೆಚ್ಚು ರಾತ್ರಿ ಹಾಕಬಾರದು, ಆಮೇಲೆ ಪೂರ್ತಿ ಬಿಡುವು ಕೊಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1990ರಲ್ಲಿ ರಾತ್ರಿ ಕೆಲಸದ ಬಗ್ಗೆ ಒಂದು ಒಡಂಬಡಿಕೆ ಮಾಡಿತು. ರಾತ್ರಿ ದುಡಿಯುವವರು ಕೇಳಿದರೆ ಉಚಿತ ತಪಾಸಣೆ, ರಾತ್ರಿಗೆ ಮೈ ಒಗ್ಗದೆಂದು ವೈದ್ಯರು ಹೇಳಿದರೆ ಸಾಧ್ಯವಿದ್ದ ಕಡೆ ಅಂಥದೇ ಹಗಲು ಕೆಲಸ ಎಂಬುದು ಅದರ ಸಾರ. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ. ಅಂಗೀಕರಿಸಬೇಕು. ಸಣ್ಣ ಮಗ್ಗದ ಮನೆಗಳನ್ನೂ ಈ ರಕ್ಷಣೆಯೊಳಗೆ ತರಬೇಕು. ಅದರ ಹೊರೆಯನ್ನು ನಾಲ್ಕು ಮಗ್ಗದವನ ತಲೆಗೆ ಹೊರಿಸದೆ ಸರ್ಕಾರ ಹೊರಬೇಕು. ಮುಂಗಡದ ಕಟ್ಟಿನಿಂದ ನೇಕಾರನನ್ನು ಬಿಡಿಸಲು, ಮೀಟರ್ ಬಡ್ಡಿಯಿಂದ ವ್ಯಾಪಾರಿಯನ್ನು ಬಿಡಿಸಲು ಸಹಕಾರಿ ಸಾಲ ಕೈಗೆಟುಕಬೇಕು.

ಇವು ಕೇಳಿದೊಡನೆ ಬರುವುವಲ್ಲ. ಮುಂಬಯಿಯ ಗಿರಣಿಯವರಿಗೆ 1890ರಲ್ಲಿ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಜನ ಕಟ್ಟಿದ ಮೇಲೆ. 2016ರ ಏಪ್ರಿಲಿನಲ್ಲಿ ಭವಿಷ್ಯ ನಿಧಿಯ ಹಣಕ್ಕೆ ಕಟ್ಟು ಹಾಕಿದ ನಿಯಮವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡದ್ದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದ ಮೇಲೆ. ಮಂಗಗಳ ಗುಂಪು ಬದಲಾಗಲು ಒಂದು ರೋಗ ಬರಬೇಕಾಯಿತು. ಮನುಷ್ಯರಿಗೆ ರೋಗ ಬೇಕಿಲ್ಲ, ಸಂಘ ಸಾಕು. ಹಿಂದಿನವರು ಎಂಟು ಗಂಟೆಗಾಗಿ ಹೋರಾಡಿದರು. ಆ ಎಂಟು ಗಂಟೆ ದಿನದ ಯಾವ ಹೊತ್ತಿಗೆ ಬೀಳಬೇಕು ಎಂಬುದರಲ್ಲಿ ದುಡಿಯುವವನ ಮಾತೂ ನಡೆಯಬೇಕು. ಮುಂದಿನ ಒಪ್ಪಂದಕ್ಕೆ ಕೂರುವ ಪ್ರತಿ ಸಂಘವೂ ಕೂಲಿಯ ಪಟ್ಟಿಯ ಪಕ್ಕದಲ್ಲಿ ಪಾಳಿಯ ಪಟ್ಟಿಯನ್ನೂ ಮೇಜಿನ ಮೇಲಿಡಲಿ.